ಸ್ಟಾಕ್‌ಹೋಮ್‌ನ ಮೊದಲ ಚಳಿಗಾಲದಲ್ಲಿರುವ ತಂಗಿಗೆ

ತಂಗೀ,

ಅಕ್ಕಾ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ಬಹುವಚನ ಬಿಟ್ಟೇ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಬಂದಿಳಿದಾಗ ಊರೆಲ್ಲ ಹಬ್ಬದಂತೆ ಕಂಡಿತ್ತು, ನವೆಂಬರ್ ಹಿಡಿದ ಮೇಲೆ ಕಾರಣವಿಲ್ಲದೆ ಅಳು ಬರುತ್ತದೆ, ಗಂಡ ಕಚೇರಿಗೆ ಹೊರಟ ಮೇಲೆ ಹಾಸಿಗೆ ಬಿಟ್ಟೇಳಲು ಮನಸ್ಸಾಗುವುದಿಲ್ಲ, ಬಳ್ಳಾರಿಯಲ್ಲಿರುವ ಅಮ್ಮನಿಗೆ ಮಾತ್ರ ‘ಚೆನ್ನಾಗಿದ್ದೇನೆ’ ಎನ್ನುತ್ತಿದ್ದೇನೆ ಎಂದಿದ್ದೀಯ. ಕೊನೆಗೆ, ‘ನನ್ನ ಮನಸ್ಸೇ ಗಟ್ಟಿಯಿಲ್ಲವೇ? ವಾಪಸು ಹೋಗಿಬಿಡಲೇ?’ ಎಂದು ಕೇಳಿದ್ದೀಯ.

ನಿನ್ನ ಮನಸ್ಸಿಗೆ ಏನೂ ಆಗಿಲ್ಲ, ನಿನಗೆ ಬಿಸಿಲು ಸಾಲುತ್ತಿಲ್ಲ. ಡಿಸೆಂಬರ್‌ನಲ್ಲಿ ಈ ಊರಿಗೆ ಸಿಗುವ ಹಗಲು ಆರು ಗಂಟೆ. ಬೆಳಗ್ಗೆ ಎಂಟೂ ಮುಕ್ಕಾಲರ ಸುಮಾರಿಗೆ ಹುಟ್ಟುವ ಸೂರ್ಯ ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗುತ್ತಾನೆ. ಮೋಡ ಕವಿದರೆ ವಾರಗಟ್ಟಲೆ ಅವನ ಮುಖವೇ ಕಾಣುವುದಿಲ್ಲ. ಬೆಳಕು ಕಣ್ಣಿಗೆ ಬೀಳದಿದ್ದರೆ ದೇಹದ ಗಡಿಯಾರ ದಾರಿ ತಪ್ಪುತ್ತದೆ. ನಿದ್ದೆ, ಹಸಿವು, ಉತ್ಸಾಹ ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ. ಇಲ್ಲೇ ಹುಟ್ಟಿ ಬೆಳೆದವರನ್ನೂ ಇದು ಬಿಟ್ಟಿಲ್ಲ. ಅವರ ಸ್ವೀಡಿಷ್ ಭಾಷೆಯಲ್ಲಿ ಇದಕ್ಕೆ ‘ವಿಂಟರ್‌ಡಿಪ್ರಷೂನ್’ ಎಂಬ ಹೆಸರೇ ಇದೆ, ಚಳಿಗಾಲದ ಖಿನ್ನತೆ ಎಂದು ಅರ್ಥ. ಇನ್ನು ನೀನು ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದವಳು.

ನಾನು ಮಲೆನಾಡಿನ ಸಾಗರದ ಕಡೆಯವಳು. ಹದಿನಾಲ್ಕು ವರ್ಷಗಳ ಹಿಂದೆ ನನ್ನ ಮೊದಲ ಚಳಿಗಾಲದಲ್ಲಿ ದಿನವೂ ಮೂರೂವರೆಗೆ ಅಮ್ಮನಿಗೆ ವಿಡಿಯೊ ಕರೆ ಮಾಡುತ್ತಿದ್ದೆ. ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ಸರಿಯುತ್ತದಲ್ಲ, ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆಯ ಅಂತರ. ಅಲ್ಲಿ ರಾತ್ರಿ ಎಂಟಾಗಿರುತ್ತಿತ್ತು, ದೇವರ ಮುಂದಿನ ದೀಪ ಅಮ್ಮನ ಹೆಗಲ ಹಿಂದೆ ಕಾಣುತ್ತಿತ್ತು. ಒಂದು ದಿನ ಅಮ್ಮ, ‘ನಿಮ್ಮಲ್ಲಿ ಇನ್ನೂ ಮಧ್ಯಾಹ್ನ ಅಲ್ಲವೇನೇ, ದೀಪ ಯಾಕೆ ಹಾಕಿಕೊಂಡಿದ್ದೀಯ?’ ಎಂದು ಕೇಳಿದಳು. ಪರದೆ ಎಳೆದಿದ್ದೇನೆ ಎಂದೆ. ಪರದೆ ಎಳೆದಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಕಪ್ಪು ಬಿಟ್ಟರೆ ನನ್ನ ಮುಖವೇ ಕಾಣುತ್ತಿತ್ತು. ಹತ್ತು ದಿನ ಆ ಸುಳ್ಳನ್ನು ನಡೆಸಿದೆ. ಹನ್ನೊಂದನೆಯ ದಿನ ಫೋನನ್ನು ಕಿಟಕಿಯತ್ತ ತಿರುಗಿಸಿ ತೋರಿಸಿ ಅತ್ತುಬಿಟ್ಟೆ.

ಅಮ್ಮ ಗಾಬರಿಯಾಗಲಿಲ್ಲ. ‘ನಮ್ಮ ಮಳೆಗಾಲ ಮರೆತೆಯಾ? ಆಷಾಢದಲ್ಲಿ ನಾವು ಬಿಸಿಲು ಕಾಣುತ್ತಿದ್ದೆವಾ?’ ಎಂದಳು. ಆಮೇಲೆ ಅರ್ಧ ಗಂಟೆ ಮಳೆಗಾಲದ ಮಾತೇ. ಬೇಸಿಗೆಯಲ್ಲೇ ಸೌದೆ ಒಟ್ಟಿ, ಹಲಸಿನ ಹಪ್ಪಳ ಒಣಗಿಸಿ, ಮಾವಿನ ಮಿಡಿ ಜಾಡಿಗೆ ಹಾಕಿ ಇಡುತ್ತಿದ್ದುದು. ಬಟ್ಟೆ ಒಣಗಿಸುವ ನೆಪದಲ್ಲಿ ಬಚ್ಚಲ ಒಲೆಯ ಮುಂದೆ ಮನೆಮಂದಿಯೆಲ್ಲ ಒತ್ತಿಕೊಂಡು ಕೂರುತ್ತಿದ್ದುದು. ಕಂಬಳಿಕೊಪ್ಪೆ ಹೊದ್ದು ಅಪ್ಪ ತೋಟಕ್ಕೆ ಹೋಗುತ್ತಿದ್ದುದು. ಮಳೆ ನಿಲ್ಲಲಿ, ಆಮೇಲೆ ಬದುಕೋಣ ಎಂದು ಯಾರೂ ಕಾಯುತ್ತಿರಲಿಲ್ಲ. ಒಬ್ಬರೇ ಮೂಲೆ ಹಿಡಿದು ಕೂತಿದ್ದೂ ನನಗೆ ನೆನಪಿಲ್ಲ. ನಿಮ್ಮ ಬಳ್ಳಾರಿಯಲ್ಲೂ ಅಷ್ಟೇ ಅಲ್ಲವೇ? ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕದ ಮುಚ್ಚಿ, ಹೊರಗಿನ ಕೆಲಸವನ್ನೆಲ್ಲ ಬೆಳಗ್ಗೆ, ಸಂಜೆಗೆ ಹೊಂದಿಸಿಕೊಳ್ಳುತ್ತೀರಿ. ಇಲ್ಲಿ ಅದನ್ನೇ ತಿರುವಿ ಹಾಕಬೇಕು: ಮಧ್ಯಾಹ್ನ ಹೊರಗಿರಬೇಕು.

ಅದಕ್ಕೇ ನಿನಗೆ ಮೊದಲು ಹೇಳುವುದು, ಹನ್ನೊಂದರಿಂದ ಒಂದರ ಒಳಗೆ ಅರ್ಧ ಗಂಟೆಯಾದರೂ ನಡೆ. ಮೋಡವಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಡುಗೆ, ಪಾತ್ರೆ, ಬಟ್ಟೆ ಒಗೆಯುವ ಕೋಣೆಯ ಸರದಿ ಎಲ್ಲವನ್ನೂ ಕತ್ತಲಾದ ಮೇಲೆ ಇಟ್ಟುಕೋ. ನಾನು ಮೊದಲ ವರ್ಷ ಇದನ್ನು ಉಲ್ಟಾ ಮಾಡಿ, ಇದ್ದ ಬೆಳಕನ್ನೆಲ್ಲ ಅಡುಗೆಮನೆಯಲ್ಲಿ ಕಳೆದೆ.

ಎರಡನೆಯದು ಭಾಷೆ. ಪರ್ಸೂನ್‌ನುಮ್ಮರ್, ಅದೇ ಇಲ್ಲಿನ ಗುರುತಿನ ಸಂಖ್ಯೆ, ಬಂದಿದೆ ಎಂದೆಯಲ್ಲ, ಹೊರಗಿನಿಂದ ಬಂದವರಿಗೆ ಸ್ವೀಡಿಷ್ ಕಲಿಸುವ ‘ಎಸ್‌ಎಫ್‌ಐ’ ತರಗತಿಗೆ ಇಂದೇ ಹೆಸರು ಕೊಡು, ಶುಲ್ಕವಿಲ್ಲ. ಕೆಲಸಕ್ಕೆ ಬೇಕೆಂದು ಹೇಳುತ್ತಿಲ್ಲ. ವಾರದಲ್ಲಿ ಒಂದಷ್ಟು ದಿನ ನಿನಗಾಗಿ ಒಂದು ಕುರ್ಚಿ ಕಾದಿರುತ್ತದೆ, ನೀನು ಹೋಗದಿದ್ದರೆ ಪಕ್ಕದವಳು ಯಾಕೆ ಬರಲಿಲ್ಲವೆಂದು ಕೇಳುತ್ತಾಳೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಇರಾನಿನ ಗೆಳತಿ ಇವತ್ತಿಗೂ ನನ್ನವಳೇ.

ಗಂಡನಿಗೂ ಹೇಳು. ಅವನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು, ನಿನ್ನ ಹಗಲು ಹೇಗೆ ಕಳೆಯುತ್ತದೆ ಎಂದು ಅವನು ನೋಡಿಯೇ ಇಲ್ಲ.

ಇಷ್ಟಾದರೂ ಎರಡು ವಾರದಲ್ಲಿ ಮಂಕು ಕರಗದಿದ್ದರೆ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಕರೆ ಮಾಡು, ನರ್ಸ್ ಮಾತನಾಡುತ್ತಾರೆ. ನಿಮ್ಮ ಬಡಾವಣೆಯ ವೋರ್ಡ್‌ಸೆಂಟ್ರಾಲ್‌ನಲ್ಲಿ, ಅಂದರೆ ಆರೋಗ್ಯ ಕೇಂದ್ರದಲ್ಲಿ, ವೈದ್ಯರನ್ನು ಕಾಣು. ಜ್ವರಕ್ಕೆ ಹೋಗುವಂತೆಯೇ ಹೋಗು, ನಾಚಿಕೆ ಬೇಡ. ಡಿ ಜೀವಸತ್ವದ ಬಗ್ಗೆಯೂ ಅಲ್ಲೇ ಕೇಳು, ನಮ್ಮ ಮೈಬಣ್ಣದವರಿಗೆ ಇಲ್ಲಿ ಅದರ ಕೊರತೆ ಬೇಗ ಬರುತ್ತದೆ. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ಕಾಯಬೇಡ. ತುರ್ತು ಕರೆಗೆ 112 ಇದೆ, ಆಮೇಲೆ ನಾನಿದ್ದೇನೆ. ಎಷ್ಟು ಹೊತ್ತಾಗಿದ್ದರೂ ಸರಿ.

ವಾಪಸು ಹೋಗುವ ಮಾತು. ಡಿಸೆಂಬರ್‌ನಲ್ಲಿ ಅದನ್ನು ತೀರ್ಮಾನ ಮಾಡಬೇಡ. ಮಾರ್ಚ್ ಬಂದರೆ ದಿನಕ್ಕೆ ಐದು ನಿಮಿಷಕ್ಕೂ ಹೆಚ್ಚು ಬೆಳಕು ಕೂಡುತ್ತಾ ಹೋಗುತ್ತದೆ, ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬಿಸಿಲಿರುತ್ತದೆ. ಮೇ ತಿಂಗಳಲ್ಲೂ ನಿನಗೆ ಇದೇ ಅನ್ನಿಸಿದರೆ ಆಗ ಇಬ್ಬರೂ ಕೂತು ಮಾತಾಡಿ. ಆಗ ಹೊರಟರೂ ಅದು ಸೋಲಲ್ಲ. ಹಾಗೆ ಹೋಗಿ ನೆಮ್ಮದಿಯಾಗಿರುವವರನ್ನು ನಾನು ಬಲ್ಲೆ.

ಈ ಭಾನುವಾರ ಮೊದಲ ಅಡ್ವೆಂಟ್, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು. ಸಂಜೆ ನಿಮ್ಮ ಬೀದಿಯ ಮನೆಮನೆಯ ಕಿಟಕಿಯಲ್ಲೂ ವಿದ್ಯುತ್ ಮೇಣದಬತ್ತಿಗಳ ಸಾಲು, ಕಾಗದದ ನಕ್ಷತ್ರ ಹೊತ್ತಿಕೊಳ್ಳುತ್ತವೆ, ಪರದೆ ಎಳೆಯುವವರಿಲ್ಲ. ನನಗೆ ಪ್ರತಿವರ್ಷವೂ ಕಾರ್ತಿಕದ ದೀಪವೇ ನೆನಪಾಗುತ್ತದೆ. ಹನ್ನೊಂದೂವರೆಗೆ ಇಬ್ಬರೂ ನಮ್ಮ ಮನೆಗೆ ಬನ್ನಿ. ಮೊದಲು ಮೇಲರೆನ್ ಸರೋವರದ ದಂಡೆಯಲ್ಲಿ ನಡೆಯೋಣ, ದಪ್ಪ ಕಾಲುಚೀಲ ಹಾಕಿಕೋ. ಬಂದ ಮೇಲೆ ಬಿಸಿ ಅನ್ನ, ಸಾರು. ಅಮ್ಮ ಕಳಿಸಿದ ಹಲಸಿನ ಹಪ್ಪಳ ಇನ್ನೂ ಒಂದು ಕಟ್ಟು ಉಳಿದಿದೆ, ನೀನು ಬಂದ ಮೇಲೆಯೇ ಕರಿಯುತ್ತೇನೆ.

ನಿನ್ನ ಅಕ್ಕ