ಮೊಬೈಲ್ ಮ್ಯಾಪಿಗೆ ನಿಮ್ದು ಲಾರಿ ಅಂತ ಗೊತ್ತೇ ಇಲ್ಲ

ಈ ಸಲ ಲಾರಿ ಡ್ರೈವರ್‌ಗಳಿಂದ ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಜಿಪಿಎಸ್ ನಂಬೋದಾ, ಕಾಗದದ ಮ್ಯಾಪ್ ಇಟ್ಕೊಳೋದಾ. ಹಿಂದೆನೂ ಉತ್ತರ ಕೊಟ್ಟಿದ್ದೆ, ಯಾರೂ ಪೂರ್ತಿ ಓದಿಲ್ಲ ಅಂತ ಕಾಣುತ್ತೆ, ಹಾಗಾಗಿ ಇವತ್ತು ಅದಕ್ಕೇ ಜಾಸ್ತಿ ಜಾಗ, ಉಳಿದವರು ಬೇಜಾರು ಮಾಡ್ಕೋಬೇಡಿ. ಮ್ಯಾಪ್ ಆನ್ ಮಾಡೋದು ಹೇಗೆ, ಲೊಕೇಶನ್ ಕಳ್ಸೋದು ಹೇಗೆ ಅಂತೆಲ್ಲ ನನ್ನನ್ನ ಕೇಳ್ಬೇಡಿ, ಮನೇಲಿ ಹೈಸ್ಕೂಲ್ ಹೋಗೋ ಮಕ್ಕಳಿದ್ರೆ ಅವರು ನನಗಿಂತ ಚೆನ್ನಾಗಿ ಹೇಳ್ಕೊಡ್ತಾರೆ.

ಪ್ರಶ್ನೆ: ನಾನು ಚಳ್ಳಕೆರೆ ಕಡೆಯವನು. ಟ್ವೆಲ್ವ್ ವೀಲರ್ ಓಡಿಸ್ತೀನಿ, ಈಗ ಬೆಂಗಳೂರು–ಮಂಗಳೂರು ಲೈನಿಗೆ ಹಾಕಿದಾರೆ. ಮೊಬೈಲ್ ಮ್ಯಾಪ್ ಹಾಕ್ಕೊಂಡು ಹೋಗು, ಅದು ತೋರ್ಸಿದ ದಾರೀಲಿ ಹೋದ್ರೆ ಟೈಮು ಡೀಸೆಲ್ ಎರಡೂ ಉಳಿಯುತ್ತೆ ಅಂತಾರೆ ಓನರ್. ನಮ್ಮಪ್ಪನೂ ಡ್ರೈವರ್ ಆಗಿದ್ದೋರು, ಮೊಬೈಲ್ ನಂಬ್ಬೇಡ, ರೋಡ್ ಮ್ಯಾಪ್ ಪುಸ್ತಕ ಇಟ್ಕೋ ಅಂತಾರೆ. ಯಾರ ಮಾತು ಕೇಳ್ಲಿ ಸರ್?

ಉತ್ತರ: ನೋಡಪ್ಪ, ಇಬ್ಬರದ್ದೂ ಅರ್ಧರ್ಧ. ನಿಮ್ಮ ಓನರ್ ಮೊದ್ಲು ಆ ಗೂಗಲ್ ಮ್ಯಾಪ್ ತೆಗೆದು ಅದ್ರಲ್ಲಿರೋ ಚಿತ್ರಗಳನ್ನ ನೋಡ್ಲಿ. ಕಾರು ಇದೆ, ಬೈಕ್ ಇದೆ, ಬಸ್ಸು ರೈಲು ಇದೆ, ನಡ್ಕೊಂಡು ಹೋಗೋ ಮನುಷ್ಯನೂ ಇದಾನೆ. ಲಾರಿ ಎಲ್ಲಿದೆ ತೋರ್ಸಕ್ಕೆ ಹೇಳು. ಇಲ್ಲ. 2024ರಲ್ಲಿ ಬೆಂಗಳೂರೂ ಸೇರಿ ಎಂಟು ಊರಲ್ಲಿ ಇಕ್ಕಟ್ಟು ರಸ್ತೆ ತಪ್ಪಿಸಿ ದಾರಿ ತೋರ್ಸೋ ಸೌಲಭ್ಯ ತಂದ್ರು, ಅದೂ ಕಾರಿನೋರಿಗೆ. ಅಂದ್ರೆ ನೀನು ಇಪ್ಪತ್ತು ಟನ್ ಮೇಲೆ ಲೋಡ್ ಹೊತ್ಕೊಂಡು ಹೋಗ್ತಿದ್ರೂ ಅದರ ಲೆಕ್ಕದಲ್ಲಿ ನೀನು ಸ್ವಿಫ್ಟ್ ಓಡಿಸ್ತಿರೋನು. ನಿನ್ನ ಎತ್ತರ ಗೊತ್ತಿಲ್ಲ, ತೂಕ ಗೊತ್ತಿಲ್ಲ, ತಿರುವಲ್ಲಿ ನಿನಗೆ ಎಷ್ಟು ಜಾಗ ಬೇಕು ಅನ್ನೋದಂತೂ ಕೇಳ್ಲೇಬೇಡ.

ಇದರಿಂದ ಏನಾಗುತ್ತೆ ಅಂದ್ರೆ, ನಿನ್ನ ಲೈನಲ್ಲಿರೋ ಶಿರಾಡಿ ಘಾಟಿಯಲ್ಲಿ ಜಾಮ್ ಆಯ್ತು ಅಂದ್ಕೋ, ನೀನು ಹಾಸನದ ಹತ್ರ ಇದೀಯ, ಮೊಬೈಲು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಅಂತ ನೀಲಿ ಗೆರೆ ಎಳೆದು ಇಷ್ಟು ನಿಮಿಷ ಬೇಗ ಹೋಗ್ತೀಯ ಅನ್ನುತ್ತೆ. ಕಾರಿನೋನು ಹೋಗ್ತಾನೆ. ಚಾರ್ಮಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದ ಮೇಲೆ ಹೆವಿ ಗಾಡಿಗಳನ್ನ ನಿಲ್ಸಿದಾರೆ ಅನ್ನೋದು ಆ ನೀಲಿ ಗೆರೆಗೆ ಬೇಕಾಗಿಲ್ಲ. ಆಗುಂಬೆದೂ ಅದೇ ಕತೆ, ಹದಿನಾಲ್ಕು ಹೇರ್‌ಪಿನ್, ದೊಡ್ಡ ಗಾಡಿಗೆ ಪ್ರವೇಶ ಇಲ್ಲ, ಆದ್ರೂ ವರ್ಷಕ್ಕೆ ಯಾರಾದ್ರೂ ಒಬ್ಬ ಹೊರ ರಾಜ್ಯದ ಗಾಡಿಯೋನು ತಿರುವಲ್ಲಿ ಸಿಕ್ಕಾಕ್ಕೊಂಡು ಮುಂದೂ ಹೋಗಕ್ಕಾಗ್ದೆ ಹಿಂದೂ ಬರಕ್ಕಾಗ್ದೆ ಒದ್ದಾಡ್ತಾನೆ, ಹಿಂದೆ ಬಸ್ಸು, ಆಂಬುಲೆನ್ಸು, ಶಾಲೆ ಮಕ್ಕಳ ವ್ಯಾನು ಎಲ್ಲಾ ನಿಂತಿರ್ತವೆ. ಕೇಳಿದ್ರೆ ಮ್ಯಾಪ್ ತೋರ್ಸ್ತು ಸಾರ್ ಅಂತಾನೆ. ಮ್ಯಾಪ್ ಬಂದು ಫೈನ್ ಕಟ್ಟುತ್ತಾ?

ಟೈಮಿನ ಮಾತಿಗೆ ಬರೋಣ, ಓನರ್‌ಗಳಿಗೆ ಅದೇ ತಾನೇ ಮುಖ್ಯ. ಆ ಟೈಮೂ ಕಾರಿನ ಟೈಮೇ. ಮೈಸೂರಿಂದ ಕೋಯಿಕ್ಕೋಡಿಗೆ ಲೋಡ್ ಹಿಡ್ಕೊಂಡು ಸಂಜೆ ಹೊರಟೋರನ್ನ ಕೇಳು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ, 2009ರಿಂದ ಇರೋ ನಿಯಮ, ಹೊಸದಲ್ಲ. ಮ್ಯಾಪು ಎಂಟೂವರೆಗೆ ಗೇಟ್ ಹತ್ರ ಇರ್ತೀಯ ಅನ್ನುತ್ತೆ, ಲೋಡ್ ಗಾಡಿ ಗುಂಡ್ಲುಪೇಟೆ ದಾಟೋಷ್ಟರಲ್ಲಿ ಒಂಬತ್ತು ಹೊಡೆದಿರುತ್ತೆ, ಆಮೇಲೆ ಒಂಬತ್ತು ಗಂಟೆ ರಸ್ತೆ ಬದಿ ಸೊಳ್ಳೆ ಹೊಡ್ಕೊಂಡು ಕೂರ್ಬೇಕು. ಚಾಮರಾಜನಗರದಿಂದ ದಿಂಬಂ ಇಳಿದು ತಮಿಳುನಾಡಿಗೆ ಹೋಗೋರಿಗೂ ಇದೇ, ಇಪ್ಪತ್ತೇಳು ಹೇರ್‌ಪಿನ್ನು, 2022ರಿಂದ ಸರಕು ಗಾಡಿಗಳಿಗೆ ರಾತ್ರಿ ನಿರ್ಬಂಧ. ಇಂಥದ್ದನ್ನ ಲಾರಿ ಡ್ರೈವರ್ ಬಾಯಿಪಾಠ ಮಾಡ್ಕೊಂಡಿರ್ಬೇಕು, ಮೊಬೈಲ್ ನೆನಪಿಸುತ್ತೆ ಅಂತ ಕೂರೋದಲ್ಲ.

ಇನ್ನು ಎತ್ತರ. ನಿಯಮದ ಪ್ರಕಾರ ಸರಕು ಗಾಡಿ 4 ಮೀಟರ್‌ವರೆಗೆ ಇರಬಹುದು, ಕಂಟೇನರ್ ಹೊತ್ತಿರೋದು 4.52 ಮೀಟರ್. ಊರೊಳಗಿನ ರೈಲ್ವೆ ಅಂಡರ್‌ಬ್ರಿಡ್ಜ್ ಎಷ್ಟೆತ್ತರ ಅಂತ ಮೊಬೈಲೂ ಹೇಳಲ್ಲ, ನಿಮ್ಮಪ್ಪನ ಪುಸ್ತಕನೂ ಹೇಳಲ್ಲ. ಬ್ರಿಡ್ಜ್ ಮುಂದೆ ನೆಟ್ಟಿರೋ ಕಬ್ಬಿಣದ ಹೈಟ್ ಗೇಜ್ ಹೇಳುತ್ತೆ, ಆದ್ರೆ ಅದು ಕಾಣೋಷ್ಟರಲ್ಲಿ ನಿನ್ನ ಹಿಂದೆ ಇಪ್ಪತ್ತು ಆಟೋ ನಿಂತಿರ್ತವೆ. ಅದಕ್ಕೇ ಲೋಡ್ ಆಗಿ ಟಾರ್ಪಾಲ್ ಹಗ್ಗ ಎಲ್ಲ ಬಿಗಿದ ಮೇಲೆ ಟೇಪ್ ಹಿಡಿದು ಅಳೆದು ಎತ್ತರ ಎಷ್ಟಾಯ್ತು ಅಂತ ಗ್ಲಾಸ್ ಹತ್ರ ಬರ್ದು ಅಂಟಿಸ್ಕೋ. ಖಾಲಿ ಗಾಡಿ ಎತ್ತರ ಅಲ್ಲ, ಲೋಡ್ ಗಾಡಿದು. ನಾನು ಕಲಿಸೋ ಹುಡುಗರಲ್ಲಿ ಹತ್ತಕ್ಕೆ ಎಂಟು ಜನಕ್ಕೆ ತಮ್ಮ ಗಾಡಿ ಎತ್ತರ ಗೊತ್ತಿರಲ್ಲ, ಟಯರ್ ರೇಟ್ ಮಾತ್ರ ಪೈಸೆ ಸಮೇತ ಗೊತ್ತಿರುತ್ತೆ.

ಈಗ ನಿಮ್ಮಪ್ಪನ ಪುಸ್ತಕ. ಪೂರ್ತಿ ದಾರಿ ಒಂದೇ ನೋಟಕ್ಕೆ ಸಿಗೋದು ಕಾಗದದಲ್ಲೇ, ಅದನ್ನ ನಾನೂ ಒಪ್ತೀನಿ. ಮೊಬೈಲಲ್ಲಿ ದೊಡ್ದು ಮಾಡಿದ್ರೆ ಊರು ಹೋಗುತ್ತೆ, ಚಿಕ್ಕದು ಮಾಡಿದ್ರೆ ರಸ್ತೆ ಹೋಗುತ್ತೆ. ಆದ್ರೆ ಆ ಪುಸ್ತಕ ಯಾವ ಕಾಲದ್ದು ಅಂತ ನೋಡು. 2010ರಲ್ಲಿ ನ್ಯಾಷನಲ್ ಹೈವೇ ನಂಬರ್‌ಗಳನ್ನೆಲ್ಲ ಬದಲಾಯಿಸಿದ್ರು. ಹಳೇ ಪುಸ್ತಕದಲ್ಲಿ ಎನ್‌ಎಚ್ 48 ಅಂದ್ರೆ ಬೆಂಗಳೂರು–ಮಂಗಳೂರು, ನಿನ್ನ ಲೈನೇ. ಈಗ 48 ಅಂದ್ರೆ ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು, ಚೆನ್ನೈ, ನಾವು ಎನ್‌ಎಚ್ ಫೋರ್ ಅಂತೀವಲ್ಲ ಅದು. ನಿನ್ನ ರಸ್ತೆ ಈಗ 75. ಕರಾವಳಿಯ 17 ಈಗ 66, ಹೈದರಾಬಾದ್ ಕಡೆಯ 7 ಈಗ 44. ಬೋರ್ಡಲ್ಲಿ ಹೊಸ ನಂಬರ್, ಪುಸ್ತಕದಲ್ಲಿ ಹಳೇ ನಂಬರ್, ಡಾಬಾದೋನ ಬಾಯಲ್ಲಿ ಇನ್ನೂ ಹಳೇದು. ನಿಮ್ಮಪ್ಪನಿಗೆ ಇದು ತೊಂದ್ರೆ ಆಗಲ್ಲ, ಅವರ ತಲೇಲಿ ರಸ್ತೆ ಇದೆ. ನಿನ್ನ ತಲೇಲಿ ಇನ್ನೂ ಇಲ್ಲ.

ಅದೂ ಅಲ್ದೆ ಕಾಗದಕ್ಕೆ ನಿನ್ನೆ ರಾತ್ರಿ ಏನಾಯ್ತು ಅಂತ ಗೊತ್ತಿರಲ್ಲ. 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಜರಿದು ಎನ್‌ಎಚ್ 66 ಮುಚ್ಚೇ ಹೋಯ್ತು, ಅಲ್ಲಿ ರಸ್ತೆ ಬದಿ ಟೀ ಹೋಟೆಲ್ ಇತ್ತು, ಲಾರಿಗಳು ನಿಲ್ಲೋ ಜಾಗ. ಕೋಯಿಕ್ಕೋಡಿನ ಡ್ರೈವರ್ ಒಬ್ಬರ ಮರದ ಲೋಡಿನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ ಕೊನೇಲಿ. ಅದೇ ಜುಲೈಲಿ ಶಿರಾಡಿಯಲ್ಲೂ ಮಣ್ಣು ಕುಸಿದು ಗಾಡಿ ನಿಂತಿದ್ವು. ಶಿರೂರು ಬಂದ್ ಅಂತ ಮೆಸೇಜ್ ಬಂದಾಗ ಯಾವ ಶಿರೂರು ಅಂತ ತಿಳ್ಕೊಳೋದೂ ಒಂದು ಕೆಲ್ಸ, ಯಾಕಂದ್ರೆ ಬೈಂದೂರು ಹತ್ರ ಟೋಲ್ ಇರೋದೂ ಶಿರೂರೇ, ಅದೂ ಅದೇ 66ರ ಮೇಲೆ. ಹೀಗೇ ಎರಡು ವಿಜಯಪುರ ಇದೆ, ಒಂದು ಹಳೇ ಬಿಜಾಪುರ, ಇನ್ನೊಂದು ದೇವನಹಳ್ಳಿ ತಾಲ್ಲೂಕಲ್ಲಿ. ಹೆಸರು ಟೈಪ್ ಮಾಡಿ ಸ್ಟಾರ್ಟ್ ಒತ್ತೋ ಮುಂಚೆ ಜಿಲ್ಲೆ ನೋಡು.

ಶಿರೂರಿನ ಮಾತು ಬಂತಲ್ಲ, ಇದನ್ನ ನನ್ನ ಭಯ ಅಂತಾನೇ ಇಟ್ಕೋ: ಮಳೆಗಾಲದಲ್ಲಿ ಗುಡ್ಡ ಕಡಿದು ರಸ್ತೆ ಮಾಡಿರೋ ಕಡೆ ನೆಟ್ಟಗೆ ನಿಂತಿರೋ ಮಣ್ಣಿನ ಗೋಡೆ ಕೆಳಗೆ ಗಾಡಿ ನಿಲ್ಸಿ ಮಲಗ್ಬೇಡ, ಟೀನೂ ಬೇಡ ಏನೂ ಬೇಡ, ಮುಂದೆ ಬಯಲು ಸಿಗೋವರೆಗೆ ಹೋಗು.

ಹಾಗಾದ್ರೆ ಏನ್ ಮಾಡ್ಬೇಕು? ಗಾಡಿ ಹೊರಡೋ ಮುಂಚೆನೇ ದಾರಿ ನೀನೇ ತೀರ್ಮಾನ ಮಾಡ್ಬೇಕು. ಒಂದು ಹಾಳೇಲಿ ಸಿಗೋ ಊರುಗಳನ್ನ ಸಾಲಾಗಿ ಬರ್ಕೋ, ಎಲ್ಲಿ ದಾರಿ ಬದಲಾಯಿಸೋಕೆ ಕೊನೇ ಅವಕಾಶ ಇದೆ ಅನ್ನೋ ಊರಿಗೆ ಗೆರೆ ಹಾಕು. ನಿನ್ನ ಲೈನಲ್ಲಿ ಅದು ಹಾಸನ. ಸಕಲೇಶಪುರ ದಾಟಿ ಘಾಟಿ ಬಾಯಿಗೆ ಹೋದ್ಮೇಲೆ ಟ್ವೆಲ್ವ್ ವೀಲರ್ ತಿರುಗಿಸೋಕೆ ಜಾಗ ಹುಡುಕ್ತಾ ಕೂರ್ಬೇಕಾಗುತ್ತೆ. ಹಾಸನದಲ್ಲಿ ನಿಲ್ಸಿ ಎರಡು ಫೋನ್ ಮಾಡು, ಒಂದು ಅವತ್ತು ಘಾಟಿ ಹತ್ತಿ ಬಂದಿರೋ ಡ್ರೈವರ್‌ಗೆ, ಇನ್ನೊಂದು ಮಂಗಳೂರು ಕಡೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ. ಮಳೆಗಾಲ ಆದ್ರೆ ಜಿಲ್ಲಾಧಿಕಾರಿ ಆದೇಶ ಏನಿದೆ ನೋಡು, ರಸ್ತೆ ಮುಚ್ಚೋದು ತೆರೆಯೋದು ಅವರ ಕೈಲಿರೋದು. ಮಡಿಕೇರಿ ಮೇಲೆ ಸಂಪಾಜೆ ಇಳಿದ್ರಾಯ್ತು ಅಂತ ಯಾರೋ ಪುಕ್ಕಟೆ ಸಲಹೆ ಕೊಡ್ತಾರೆ, ಕೊಡಗಲ್ಲಿ ಮಳೆ ಜೋರಾದ್ರೆ 18,500 ಕೆಜಿ ಮೇಲಿನ ಗಾಡಿಗಳನ್ನ ತಡೀತಾರೆ, ನಿನ್ನದು ಅದರ ಹತ್ರತ್ರ ಎರಡರಷ್ಟಿದೆ. ಶಿರಾಡಿ ಮುಚ್ಚಿದ್ರೆ ನಿನಗೆ ಉಳಿಯೋದು ದೂರದ ದಾರಿಗಳೇ, ಅದಕ್ಕಿಂತ ಎಷ್ಟೋ ಸಲ ಹಾಸನದಲ್ಲೇ ಒಂದು ರಾತ್ರಿ ಮಲಗೋದು ಅಗ್ಗ. ಓನರ್ ಕೂಗಾಡ್ಲಿ, ಕೂಗಾಡೋದಕ್ಕೆ ಡೀಸೆಲ್ ಬೇಕಾಗಿಲ್ಲ.

ಮೊಬೈಲು ಕೊನೇಲಿ. ಮಂಗಳೂರಲ್ಲಿ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾ ಒಳಗೆ ಯಾವ ಗೋಡೌನು, ಪಣಂಬೂರು ಬಂದರಲ್ಲಿ ಯಾವ ಗೇಟು, ಅಲ್ಲಿ ಜಿಪಿಎಸ್‌ನಷ್ಟು ಉಪಕಾರ ಯಾರೂ ಮಾಡಲ್ಲ. ಅಲ್ಲೂ ಲೋಡ್ ಇಳಿಸ್ಕೊಳೋ ಪಾರ್ಟಿ ವಾಟ್ಸಾಪಲ್ಲಿ ಕಳ್ಸಿದ ಲೊಕೇಶನ್ ಹಾಗೇ ನಂಬ್ಬೇಡ, ಅವನು ತಾನು ಕೂತಿರೋ ಆಫೀಸಿಂದ ಕಳ್ಸಿರ್ತಾನೆ, ಆಫೀಸ್ ಇರೋದು ಯಾವುದೋ ಕ್ರಾಸಲ್ಲಿ. ಲಾರಿ ಗೇಟಿನ ಲೊಕೇಶನ್ ಕಳ್ಸಿ ಅಂತ ಬಾಯ್ಬಿಟ್ಟು ಕೇಳು. ಮಧ್ಯ ದಾರೀಲಿ ಬೇಗ ಹೋಗೋ ದಾರಿ ಸಿಕ್ಕಿದೆ ಅಂತ ಮೊಬೈಲ್ ಮೆಸೇಜ್ ತೋರ್ಸಿದ್ರೆ ಬೇಡ ಅಂತ ಒತ್ತು, ಸುಮ್ನಿದ್ರೆ ಅದೇ ಬದಲಾಯಿಸ್ಕೊಂಡು ಬಿಡುತ್ತೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ರ ನ್ಯಾವಿಗೇಶನ್ ನಂಬ್ಕೊಂಡು ಹೋದ ಕಾರು ಅರ್ಧಕ್ಕೇ ಮುಗಿದಿದ್ದ ಸೇತುವೆಯಿಂದ ಬಿದ್ದು ಮೂರು ಜನ ಸತ್ರು. ಅದು ಕಾರು, ಮ್ಯಾಪ್ ಲೆಕ್ಕ ಹಾಕೋದೇ ಕಾರಿಗೆ, ಆದ್ರೂ ಹಂಗಾಯ್ತು.

ಪ್ರಶ್ನೆ: ಘಾಟಿಯಲ್ಲಿ ನೆಟ್‌ವರ್ಕ್ ಹೋದ್ರೆ ಜಿಪಿಎಸ್ಸೂ ಹೋಗುತ್ತಲ್ಲ? ಅಂಗಡಿಯೋರು ಜಿಪಿಎಸ್ ಬೂಸ್ಟರ್ ಹಾಕಿಸ್ಕೊಳಿ ಅಂತಿದಾರೆ.

ಉತ್ತರ: ಹೋಗಲ್ಲ. ಜಿಪಿಎಸ್‌ಗೆ ಸಿಮ್ಮೂ ಬೇಡ ಟವರ್ರೂ ಬೇಡ, ಸುಮಾರು 20,000 ಕಿಲೋಮೀಟರ್ ಮೇಲಿಂದ ಸ್ಯಾಟಲೈಟ್ ಕಳ್ಸೋ ಸಿಗ್ನಲ್‌ನ ಫೋನು ಹಿಡಿಯುತ್ತೆ, ನಾಲ್ಕು ಸ್ಯಾಟಲೈಟ್ ಸಿಕ್ಕಿದ್ರೆ ಸಾಕು. ನೆಟ್‌ವರ್ಕ್ ಇಲ್ದಾಗ ಬರ್ದೇ ಇರೋದು ಮ್ಯಾಪಿನ ಚಿತ್ರ ಮತ್ತೆ ಟ್ರಾಫಿಕ್ ಮಾಹಿತಿ. ಮನೇಲಿ ವೈಫೈ ಇದ್ದಾಗ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡ್ಕೊಳಿ, ಮುಗೀತು. ಬೂಸ್ಟರ್ ಮಾರೋನು ಕಳ್ಳ. ಕಾರಿನ ಆಂಡ್ರಾಯ್ಡ್ ಸ್ಟೀರಿಯೋಗೆ "ಟ್ರಕ್ ಸ್ಪೆಷಲ್" ಅಂತ ಸ್ಟಿಕರ್ ಅಂಟಿಸಿ ಎರಡರಷ್ಟು ರೇಟ್ ಹೇಳೋನೂ ಅವನ ತಮ್ಮನೇ. ಗಾಡಿ ಎತ್ತರ, ತೂಕ, ಆಕ್ಸಲ್ ಎಲ್ಲಿ ಫೀಡ್ ಮಾಡೋದು ತೋರ್ಸಪ್ಪ ಅಂತ ಕೇಳಿ, ಅಲ್ಲೇ ತಡವರಿಸ್ತಾನೆ.

ಪ್ರಶ್ನೆ: ಗಾಡಿಗೆ ಆರ್‌ಟಿಒ ನಿಯಮದ ಜಿಪಿಎಸ್ ಬಾಕ್ಸ್, ಪ್ಯಾನಿಕ್ ಬಟನ್ ಎಲ್ಲ ಹಾಕ್ಸಿದೀವಿ, ಇನ್ನು ಮ್ಯಾಪ್ ಯಾಕೆ?

ಉತ್ತರ: ಆ ಬಾಕ್ಸು ನೀವು ಎಲ್ಲಿದೀರ ಅಂತ ಬೇರೆಯೋರಿಗೆ ಹೇಳುತ್ತೆ, ನೀವು ಎಲ್ಲಿಗೆ ಹೋಗ್ಬೇಕು ಅಂತ ನಿಮಗೆ ಹೇಳಲ್ಲ.

ಪ್ರಶ್ನೆ: ಟೋಲ್ ತಪ್ಪಿಸೋ ಆಯ್ಕೆ ಹಾಕ್ಕೊಂಡ್ರೆ ಟ್ರಿಪ್ಪಿಗೆ ಎಷ್ಟೋ ಉಳಿಯುತ್ತಂತೆ, ನಿಜವಾ?

ಉತ್ತರ: ಲೋಡ್ ಗಾಡಿ ಲೀಟರಿಗೆ ಮೂರ್ನಾಲ್ಕು ಕಿಲೋಮೀಟರ್ ಕೊಡುತ್ತೆ, ಹಳ್ಳಿ ರಸ್ತೆ ಹಂಪು, ಗುಂಡಿ, ಬಗ್ಗಿರೋ ಕರೆಂಟ್ ವೈರು, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೆಕೆಂಡ್ ಗೇರು, ಕುಸಿಯೋ ಮೋರಿ. ನೀವೇ ಲೆಕ್ಕ ಹಾಕಿ, ನನಗೆ ಕಳಿಸ್ಬೇಡಿ.

ಪ್ರಶ್ನೆ: ಮೊಬೈಲಲ್ಲಿ ಮ್ಯಾಪ್ ನೋಡ್ತಿದ್ರೆ ಪೊಲೀಸರು ಫೈನ್ ಹಾಕ್ಬಹುದಾ?

ಉತ್ತರ: 2020ರ ಅಕ್ಟೋಬರ್‌ನಿಂದ ನಿಯಮದಲ್ಲೇ ಇದೆ, ಗಮನ ಹಾಳಾಗ್ದೆ ಇರೋ ಹಾಗೆ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು. ಸ್ಟ್ಯಾಂಡ್ ಹಾಕಿ ಇಟ್ಕೊಳಿ. ತೊಡೆ ಮೇಲೆ ಫೋನ್ ಇಟ್ಕೊಂಡು ಬಗ್ಗಿ ಬಗ್ಗಿ ನೋಡೋರಿಗೆ ಫೈನ್ ಹಾಕಿದ್ರೆ ನನಗೆ ಖುಷಿನೇ.

ಪ್ರಶ್ನೆ: ಮ್ಯಾಪ್ ಕನ್ನಡದಲ್ಲಿ ಮಾತಾಡುತ್ತಾ?

ಉತ್ತರ: ಮಾತಾಡುತ್ತೆ. ಸೆಟ್ಟಿಂಗ್ಸ್ ನೋಡಿ.

ಪ್ರಶ್ನೆ: ಕೆನಡಾದಲ್ಲಿ ಟ್ರಕ್ ಓಡಿಸ್ತಿದೀನಿ, ಇಲ್ಲಿಗೂ ಇದೇ ಸಲಹೆನಾ?

ಉತ್ತರ: ಅಲ್ಲಿ ಲಾರಿಗೇ ಅಂತ ಮಾಡಿದ ಜಿಪಿಎಸ್ ಸಿಗುತ್ತೆ, ಎತ್ತರ ತೂಕ ಫೀಡ್ ಮಾಡಿದ್ರೆ ತಗ್ಗು ಸೇತುವೆ ತಪ್ಪಿಸಿ ಕರ್ಕೊಂಡು ಹೋಗುತ್ತೆ, ದುಡ್ಡು ಕೊಟ್ಟು ತಗೊಳಿ. ಗಡಿ ದಾಟಿ ಅಮೆರಿಕಕ್ಕೆ ಹೋದ್ರೆ ಸೇತುವೆ ಬೋರ್ಡು ಅಡಿ ಇಂಚಲ್ಲಿರುತ್ತೆ, ನಿಮ್ಮ ಎತ್ತರ ಎರಡು ಲೆಕ್ಕದಲ್ಲೂ ಬರ್ದಿಟ್ಕೊಳಿ.

ಪ್ರಶ್ನೆ: ಘಾಟಿ ಬಂದ್ ಆಗಿ ಸುತ್ತಾಕ್ಕೊಂಡು ಹೋದೆ, ಈ-ವೇ ಬಿಲ್ (ಸರಕು ಸಾಗ್ಸೋಕೆ ಬೇಕಾದ ಜಿಎಸ್‌ಟಿ ಚೀಟಿ) ಟೈಮ್ ಮುಗ್ದೋಯ್ತು, ಚೆಕಿಂಗ್‌ನೋರು ಹಿಡಿದ್ರೆ ಏನ್ ಹೇಳ್ಬೇಕು?

ಉತ್ತರ: ಹೇಳೋ ಪರಿಸ್ಥಿತಿ ಬರ್ಬಾರ್ದು. ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನ ಲೆಕ್ಕ, ಮುಗಿಯೋಕೆ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆವರೆಗೆ ವಿಸ್ತರಿಸಬಹುದು, ಅದನ್ನ ಟ್ರಾನ್ಸ್‌ಪೋರ್ಟ್‌ನೋರೇ ಮಾಡ್ಬಹುದು, ಕಾರಣ ಮತ್ತೆ ಗಾಡಿ ಈಗ ಎಲ್ಲಿದೆ ಅಂತ ಹಾಕ್ಬೇಕು ಅಷ್ಟೇ. ಘಾಟಿ ಮುಚ್ಚಿದೆ ಅಂತ ಗೊತ್ತಾದ ತಕ್ಷಣ ಆಫೀಸಿಗೆ ಫೋನ್ ಮಾಡಿ, ಊಟ ಆಮೇಲೆ ಮಾಡಿ.