ವಿಜಯಪುರದ ಚಳಿಗೆ ಕೋಳಿ, ಗೌಜಲಕ್ಕಿಗಳಿಗೆ ರಾತ್ರಿಯಿಡೀ ಬಲ್ಬು ಬೇಕೇ?

ಮಾಳಿಗೆಯ ಮೇಲೆ ಎಂಟು ಜವಾರಿ ಹೇಂಟೆಗಳನ್ನೂ ಇಪ್ಪತ್ತು ಗೌಜಲಕ್ಕಿಗಳನ್ನೂ ಸಾಕಿರುವುದಾಗಿ, ದೀಪಾವಳಿಯ ನಂತರ ತತ್ತಿಗಳು ಕಡಿಮೆಯಾಗಿರುವುದಾಗಿ, ಗೌಜಲಕ್ಕಿಗಳು ರಾತ್ರಿ ಮೂಲೆ ಹಿಡಿದು ಒಂದರ ಮೇಲೊಂದು ಬೀಳುತ್ತಿರುವುದಾಗಿ ಬರೆದಿದ್ದೀರಿ. ಗೂಡಿಗೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಹೊದಿಸಿ ಇನ್ನೂರು ವ್ಯಾಟಿನ ಬಲ್ಬು ಹಚ್ಚಬೇಕೇ ಎಂಬುದು ನಿಮ್ಮ ಪ್ರಶ್ನೆ. ಇಂಡಿ ತಾಲ್ಲೂಕಿನಲ್ಲಿ ಇವೆರಡನ್ನೂ ಸಾಕುತ್ತ ಬಂದಿರುವ ನಾನು ಹೇಳುವುದಿಷ್ಟು: ಬೆಳೆದ ಹಕ್ಕಿಗಳಿಗೆ ಅಂಥ ಬಲ್ಬು ಬೇಡ, ಸುತ್ತಲೂ ಮುಚ್ಚುವುದಂತೂ ಬೇಡವೇ ಬೇಡ.

ಅಂತರ್ಜಾಲದಲ್ಲಿ ಸಿಗುವ ಬಹುಪಾಲು ಸಲಹೆಗಳು ಹಿಮ ಬೀಳುವ ದೇಶಗಳವರು ಕೊಟ್ಟವು. ನಮ್ಮಲ್ಲಿ ಡಿಸೆಂಬರ್, ಜನವರಿಯ ನಸುಕಿಗೆ 10–12 ಡಿಗ್ರಿಗೆ ಇಳಿಯುವ ಉಷ್ಣಾಂಶ ಅದೇ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಕೋಳಿಯ ಮೈಶಾಖವೇ ಸುಮಾರು 41 ಡಿಗ್ರಿ. ಅದು ಪುಕ್ಕ ಉಬ್ಬಿಸಿ, ಅದರ ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಟ್ಟುಕೊಂಡು, ಕಾಲ್ಬೆರಳುಗಳನ್ನು ಎದೆಯಡಿ ಮುಚ್ಚಿಕೊಂಡು ಕುಳಿತರೆ ಇಂಥ ರಾತ್ರಿಯನ್ನು ಸುಲಭವಾಗಿ ಕಳೆಯುತ್ತದೆ. ಬೇವಿನ ಮರವೇರಿ ಮಲಗುತ್ತಿದ್ದ ಜವಾರಿ ಕೋಳಿಗಳಿಗೆ ನಮ್ಮ ಹಿರಿಯರು ಯಾವ ದೀಪವನ್ನೂ ಹಚ್ಚಿರಲಿಲ್ಲ. ಹಕ್ಕಿಯನ್ನು ಸೋಲಿಸುವುದು ಪುಕ್ಕವನ್ನು ಬಿಡಿಸಿ ಒಳನುಗ್ಗುವ ನೇರ ಗಾಳಿ ಮತ್ತು ಕಾಲಡಿಯ ಹಸಿ.

ಈ ಎರಡರಲ್ಲಿ ಹಸಿಯೇ ಹೆಚ್ಚು ಕೆಟ್ಟದ್ದು. ಪ್ಲಾಸ್ಟಿಕ್ ಹೊದಿಕೆ ಅದನ್ನೇ ಹೆಚ್ಚಿಸುತ್ತದೆ. ಹಕ್ಕಿಗಳ ಉಸಿರಿನ ಮತ್ತು ಹಿಕ್ಕೆಯ ತೇವ ಹೊರಹೋಗಲು ದಾರಿಯಿಲ್ಲದೆ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಕೆಳಗೆ ಬೀಳುತ್ತದೆ, ಹಾಸು ನೆನೆಯುತ್ತದೆ, ನೆನೆದ ಹಾಸಿನಿಂದ ಅಮೋನಿಯಾ ಏಳುತ್ತದೆ, ಅದರಿಂದ ಕಣ್ಣು ಉರಿದು ಶ್ವಾಸನಾಳ ಕೆರಳಿದ ಹಕ್ಕಿಗೆ ನೆಗಡಿ, ಗೊರಕೆಯ ರೋಗಗಳು ಬೇಗ ಅಂಟುತ್ತವೆ. ನಸುಕಿನಲ್ಲಿ ಬಾಗಿಲು ತೆರೆದ ಕೂಡಲೇ ಕುಕ್ಕರಗಾಲಿನಲ್ಲಿ ಕುಳಿತು ಹಕ್ಕಿಗಳ ತಲೆಯ ಮಟ್ಟದಲ್ಲಿ ಉಸಿರು ಎಳೆದುಕೊಳ್ಳಿ. ಮೂಗಿಗೆ ಘಾಟು ಹೊಡೆದರೆ ಗೂಡು ಅತಿಯಾಗಿ ಮುಚ್ಚಿದೆ ಎಂದೇ ಅರ್ಥ. ಮೂಡಣ ಮತ್ತು ಉತ್ತರದ ಬದಿಗಳಿಗೆ ಮಾತ್ರ ಗೋಣಿತಟ್ಟಿನ ಪರದೆ ಕಟ್ಟಿ, ಅದು ನೆಲದಿಂದ ಮೇಲಕ್ಕೆ ಏರುವಂತಿರಲಿ, ಮಾಡಿನ ಕೆಳಗೆ ಒಂದು ಅಡಿಯಷ್ಟು ಸದಾ ತೆರೆದಿರಲಿ. ಬಿಸಿಲೇರಿದ ಮೇಲೆ ಪರದೆಯನ್ನು ಪೂರ್ತಿ ಇಳಿಸಬೇಕು. ಮಾಳಿಗೆಯ ಗಚ್ಚು ರಾತ್ರಿ ಬಹಳ ತಣ್ಣಗಾಗುವುದರಿಂದ ಮೂರು ನಾಲ್ಕು ಇಂಚು ಶೇಂಗಾ ಹೊಟ್ಟನ್ನೋ ಸಣ್ಣಗೆ ಕತ್ತರಿಸಿದ ಒಣ ಕಣಕಿಯನ್ನೋ ಹಾಸಿ, ಆಗಾಗ ಕೆದರುತ್ತಿರಿ. ಬೂಷ್ಟು ಹಿಡಿದ ಹೊಟ್ಟನ್ನು ಮಾತ್ರ ತರಬೇಡಿ. ಒಂದು ಮುಷ್ಟಿ ಹಾಸನ್ನು ಬಿಗಿಯಾಗಿ ಹಿಂಡಿ ಕೈ ಬಿಡಿಸಿದಾಗ ಅದು ಉದುರಿದರೆ ಸರಿಯಿದೆ, ಉಂಡೆಯಾಗಿ ನಿಂತರೆ ಹಸಿಯ ಭಾಗವನ್ನು ತೆಗೆದು ಹೊಸದನ್ನು ಹಾಕಬೇಕು. ನೀರಿನ ಪಾತ್ರೆಯನ್ನು ರಾತ್ರಿ ಹೊರಗಿಡಿ, ಬೆಳಿಗ್ಗೆ ಟಾಕಿಯ ಥಂಡಿ ನೀರಿನ ಬದಲು ಉಗುರುಬೆಚ್ಚಗಿನ ನೀರು ಕೊಡಿ.

ತತ್ತಿ ಕಡಿಮೆಯಾಗಲು ಚಳಿಗಿಂತ ಬೆಳಕು ಕಾರಣ. ಹೇಂಟೆ ಸತತವಾಗಿ ಇಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಹಗಲು 11 ಗಂಟೆಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಬೇಕಾದದ್ದು ಶಾಖವಲ್ಲ, ಐದಾರು ವ್ಯಾಟಿನ ಒಂದು ಎಲ್ಇಡಿ ದೀಪ. ಅದನ್ನು ನಸುಕಿನ ಬದಿಗೆ ಹಚ್ಚಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ ಹೋಗಿ. ಸಂಜೆ ಹಚ್ಚಿ ಥಟ್ಟನೆ ಆರಿಸಿದರೆ ಅಡ್ಡಗೋಲು ಏರದ ಕೋಳಿ ಕತ್ತಲೆಯಲ್ಲಿ ನೆಲದ ಮೇಲೆಯೇ ಉಳಿಯುತ್ತದೆ. ಜವಾರಿ ಹೇಂಟೆ ಕೆಲವು ತತ್ತಿಯಿಟ್ಟು ಕಾವಿಗೆ ಕೂಡುವ ಸ್ವಭಾವದ್ದು, ಗಿರಿರಾಜ ಎಂಬ ಸುಧಾರಿತ ತಳಿಯ ಕೋಳಿಯಷ್ಟು ಇಡಲಿ ಎಂದು ದೀಪದಿಂದ ನಿರೀಕ್ಷಿಸಬೇಡಿ. ಸಂಜೆ ಒಂದೊಂದು ಹಿಡಿ ಇಡೀ ಜೋಳವನ್ನೋ ಒಡೆದ ಗೋವಿನಜೋಳವನ್ನೋ ಹೆಚ್ಚಿಗೆ ಹಾಕಿದರೆ ಅದು ರಾತ್ರಿ ನಿಧಾನವಾಗಿ ಜೀರ್ಣವಾಗುತ್ತ ಮೈಯನ್ನು ಬೆಚ್ಚಗಿಡುತ್ತದೆ.

ಗೌಜಲಕ್ಕಿಯ ಮಾತು ಬೇರೆ. 150–200 ಗ್ರಾಂ ತೂಗುವ ಈ ಹಕ್ಕಿ ತನ್ನ ಗಾತ್ರಕ್ಕೆ ಹೋಲಿಸಿದರೆ ಕೋಳಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ, ಅಡ್ಡಗೋಲು ಏರದೆ ನೆಲದಲ್ಲೇ ಮಲಗುವುದರಿಂದ ನೆಲಮಟ್ಟದ ಗಾಳಿಯೆಲ್ಲ ಅದಕ್ಕೇ ತಾಗುತ್ತದೆ. ಪಂಜರದ ತಳ ಜಾಲರಿಯದ್ದಾಗಿದ್ದರೆ ಅರ್ಧಭಾಗಕ್ಕೆ ರಟ್ಟು ಹಾಸಿ, ಅದರ ಮೇಲೆ ಒಣಹುಲ್ಲು ತುಂಬಿದ ತಗ್ಗಾದ ಮರದ ಪೆಟ್ಟಿಗೆಯನ್ನು ಒಂದು ಬದಿ ತೆರೆದಂತೆ ಇಡಿ. ನಾಲ್ಕು ಮೂಲೆಗಳಿಗೂ ರಟ್ಟನ್ನು ಬಾಗಿಸಿ ಕಟ್ಟಿದರೆ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟುವುದು ತಪ್ಪುತ್ತದೆ. ಬೆಚ್ಚಗಿರಲೆಂದು ಅವುಗಳನ್ನು ಕೋಳಿಗಳ ಜೊತೆ ಬಿಡಬೇಡಿ. ಕೋಳಿ ಕುಕ್ಕುತ್ತದೆ, ಒಂದರ ರೋಗ ಇನ್ನೊಂದಕ್ಕೆ ದಾಟುತ್ತದೆ.

ಬಲ್ಬಿನ ಶಾಖ ನಿಜವಾಗಿ ಬೇಕಾಗುವುದು ಮರಿಗಳಿಗೆ. ಮೊದಲ ವಾರ 35 ಡಿಗ್ರಿ ಇದ್ದು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ಒಣ ಹೊಟ್ಟು, ಗೋಣಿತಟ್ಟುಗಳ ನಡುವೆ ಬಿಸಿ ಬಲ್ಬು ಕಳಚಿ ಬಿದ್ದರೆ ಬೆಂಕಿ ಹತ್ತುವುದರಿಂದ, ಅದನ್ನು ವೈರಿನಿಂದ ತೂಗುಬಿಡದೆ ಸರಪಳಿಯಿಂದ ಕಟ್ಟಿ ಸುತ್ತ ಜಾಲರಿ ಹಾಕಿ. ಈಗ ಮರಿಗಳಿಲ್ಲದಿದ್ದರೆ ಶಿವರಾತ್ರಿಯವರೆಗೆ ತರಬೇಡಿ. ಅಲ್ಲಿಯವರೆಗೆ ಪರದೆ, ಹಾಸು, ಪೆಟ್ಟಿಗೆ ಇಷ್ಟೇ ಖರ್ಚು.