ರೋಡ್ ಬೈಕ್: ಅಂಗಡಿ ಆರಿಸುವುದು ಹೇಗೆ?

ಪ್ರಶ್ನೆ: ಮೊದಲ ರೋಡ್ ಬೈಕ್ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್) ಕೊಳ್ಳಬೇಕು. ಅಂಗಡಿಯವರು ಜೊತೆಗಿದ್ದ ತಮ್ಮನ ಹತ್ತಿರವೇ ಮಾತಾಡುತ್ತಾರೆ. ಒಳ್ಳೆಯ ಅಂಗಡಿ ಗುರುತಿಸುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಜೆಟ್‌ಗಿಂತ ಮೊದಲು ನಿಮ್ಮ ಕಾಲಿನ ಒಳಅಳತೆ (ತೊಡೆಸಂದಿನಿಂದ ನೆಲದವರೆಗೆ) ಕೇಳುವ ಅಂಗಡಿ ಹುಡುಕಿ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ (ಪೆಡಲ್ ತೋಳು) ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಅಂದಾಜು ಎತ್ತರ ಸಿಗುತ್ತದೆ, 72 ಸೆಂ.ಮೀ. ಇದ್ದರೆ ಸುಮಾರು 63.6. ಸೀಟು ತೀರಾ ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ. ಹ್ಯಾಂಡಲ್ ದೂರವಾದರೆ ಕುತ್ತಿಗೆ, ಅಂಗೈ ನೋವು, 100 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ತೆಗೆದು 80ರದ್ದು ಹಾಕಿಕೊಡುತ್ತಾರಾ, ಕೇಳಿ. ಬೆರಳು ಚಿಕ್ಕದಾದರೆ ಬ್ರೇಕ್ ಲಿವರನ್ನು ಹತ್ತಿರ ತರುವ ಸ್ಕ್ರೂ ಹೆಚ್ಚಿನ ಬೈಕುಗಳಲ್ಲಿರುತ್ತದೆ. ಕೇಳದೆಯೇ ಅದನ್ನು ತಿರುಗಿಸಿ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ! ಸ್ಟಾಕಿನ ದೊಡ್ಡ ಫ್ರೇಮ್ ಮುಂದಿಟ್ಟು ‘ಅಭ್ಯಾಸ ಆಗುತ್ತೆ ಮೇಡಂ’ ಎಂದರೆ ಹೊರಡಿ. ವಾರದ ನಡುವೆ, ಬೆಳಿಗ್ಗೆ ಹೋಗಿ. ತಮ್ಮ ಬೇಡ.